ಅಮೀನರು ಬಾಗಿಲಿಗೆ ಅಂಟಿಸಿ ಹೋದ ಕಾಗದ

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿರುವುದು ಒಂದೇ ಮಾತು: "ಸ್ಟೇ ಸಿಗುತ್ತಾ ಮೇಡಂ?" ಒಬ್ಬರಿಗೆ ಗಂಡ ಹತ್ತಿರ ಬರಬಾರದು. ಒಬ್ಬರಿಗೆ ಅಣ್ಣ ತೋಟ ಮಾರಬಾರದು. ಇನ್ನೊಬ್ಬರ ಮೇಲೆ ಪಕ್ಕದ ಮನೆಯವರೇ ಸ್ಟೇ ತಂದಿದ್ದಾರೆ. ತಿಪಟೂರು ಕೋರ್ಟಿನಲ್ಲಿ 27 ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಕೊಬ್ಬರಿ ಹರಾಜಿಗೆ ಬಂದವರು ಹಾಗೇ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಕೇಳುವ ಪ್ರಶ್ನೆಯೂ ಇದೇ. ಕೋರ್ಟು 'ಬೇಡ, ನಿಲ್ಲಿಸು' ಅಂದ ಎಲ್ಲದಕ್ಕೂ ನಾವು ಸ್ಟೇ ಅಂತಲೇ ಹೇಳುತ್ತೇವೆ. ಆದರೆ ಒಂದೊಂದಕ್ಕೂ ಹೆಸರು ಬೇರೆ, ಹೋಗಬೇಕಾದ ಕೋರ್ಟು ಬೇರೆ, ಮುರಿದರೆ ಆಗುವ ಶಿಕ್ಷೆ ಬೇರೆ. ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಹೆಸರು, ಊರು ತೆಗೆದಿದ್ದೇನೆ.

ಪ್ರಶ್ನೆ: ಅಕ್ಕ, ನನಗೆ 29 ವರ್ಷ. ಒಬ್ಬಳು ಮಗಳು, ಎರಡನೇ ಕ್ಲಾಸು. ಗಂಡ ಕುಡಿದು ಹೊಡೀತಿದ್ದ. ತಡೆಯೋಕಾಗದೆ ತವರಿಗೆ ಬಂದು ಎಂಟು ತಿಂಗಳಾಯ್ತು. ಗಾರ್ಮೆಂಟ್ಸ್‌ಗೆ ಹೋಗ್ತೀನಿ. ಈಗ ಸಂಜೆ ಶಿಫ್ಟ್ ಬಿಡೋ ಹೊತ್ತಿಗೆ ಗೇಟ್ ಹತ್ರ ಬಂದು ನಿಂತ್ಕೋತಾನೆ, ಎಲ್ಲರೆದುರು ಬೈತಾನೆ. ರಾತ್ರಿ ಇಪ್ಪತ್ತು ಮೂವತ್ತು ಸಲ ಫೋನ್ ಮಾಡ್ತಾನೆ. ನನಗೆ ಡೈವೋರ್ಸ್ ಬೇಡ, ಅವನನ್ನ ಜೈಲಿಗೆ ಹಾಕ್ಸೋದೂ ಬೇಡ. ಹತ್ರ ಬರಬೇಡ ಅಂತ ಕೋರ್ಟು ಹೇಳುತ್ತಾ?

ಉತ್ತರ: ಹೇಳುತ್ತದೆ ತಂಗಿ. ನೀವು ಕೇಳಿದಷ್ಟನ್ನೇ ಕೊಡುವುದಕ್ಕೆ ಒಂದು ಕಾನೂನಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ, 2005. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 18ನೇ ಕಲಂ ಕೆಳಗೆ ಕೊಡುವುದನ್ನು ರಕ್ಷಣಾ ಆದೇಶ ಅನ್ನುತ್ತಾರೆ. ಡೈವೋರ್ಸ್ ಕೇಸು ಹಾಕಿರಬೇಕು ಅಂತ ಏನಿಲ್ಲ. ಆದೇಶ ಬಂತು ಅಂತ ಗಂಡನನ್ನು ಯಾರೂ ಎಳೆದುಕೊಂಡು ಹೋಗುವುದಿಲ್ಲ. ಅವನು ಆ ಆದೇಶ ಮುರಿದರೆ ಮಾತ್ರ ಅದು ಅಪರಾಧ.

ಅರ್ಜಿ ಹಾಕುವುದು ಜೆ.ಎಂ.ಎಫ್.ಸಿ., ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ. ಗಂಡನ ಊರಿಗೇ ಹೋಗಬೇಕಾಗಿಲ್ಲ. ನೀವು ಈಗ ಇರುವ ತವರೂರಿನ ಕೋರ್ಟು ಆಗುತ್ತದೆ, ಕೆಲಸ ಮಾಡುವ ಊರಿನ ಕೋರ್ಟೂ ಆಗುತ್ತದೆ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಸಮಿತಿಯಿಂದ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅವರ ಕಚೇರಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿ.ಡಿ.ಪಿ.ಓ. ಅವರೇ ಈ ಕಾಯ್ದೆಯ ಕೆಳಗೆ ನಿಮಗೆ ಸಹಾಯ ಮಾಡುವ ಸಂರಕ್ಷಣಾಧಿಕಾರಿ. ಅಂಗನವಾಡಿ ನೋಡಿಕೊಳ್ಳುವ ಕಚೇರಿ ಅಂದರೆ ನಿಮಗೆ ಬೇಗ ಗೊತ್ತಾಗುತ್ತದೆ, ಅಲ್ವಾ? ಅಲ್ಲಿಗೆ ಹೋಗಿ ಹೇಳಿದರೆ ನಡೆದದ್ದನ್ನೆಲ್ಲ ಬರೆದುಕೊಂಡು ಕೌಟುಂಬಿಕ ಘಟನೆ ವರದಿ ಅಂತ ಮಾಡಿ ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ.

ಅರ್ಜಿಯಲ್ಲಿ ಏನು ಬರೆಸಬೇಕು ಅನ್ನುವುದೇ ಇಲ್ಲಿ ಮುಖ್ಯ. ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಸಿನಿಮಾಗಳಲ್ಲಿ ತೋರಿಸುವಂತೆ ಇಷ್ಟು ಅಡಿ ದೂರ ಇರಬೇಕು ಅಂತ ನಮ್ಮ ಕಾಯ್ದೆಯಲ್ಲಿ ಅಳತೆ ಇಲ್ಲ. ಅದು ಹೇಳುವುದು ಜಾಗಗಳನ್ನು: ನೀವು ಕೆಲಸ ಮಾಡುವ ಕಡೆ, ಮಗುವಿನ ಶಾಲೆ, ನೀವು ಪದೇಪದೇ ಓಡಾಡುವ ಬೇರೆ ಜಾಗ. ಫೋನು, ಮೆಸೇಜು, ಕಾಗದ, ಯಾವ ರೀತಿಯಲ್ಲೂ ಸಂಪರ್ಕ ಮಾಡಬಾರದು ಅಂತಲೂ ಹೇಳಬಹುದು. ನಿಮಗೆ ಸಹಾಯ ಮಾಡುವ ಅಪ್ಪ ಅಮ್ಮನಿಗೆ, ತಮ್ಮನಿಗೆ ತೊಂದರೆ ಕೊಡಬಾರದು ಅಂತಲೂ ಹೇಳಬಹುದು. ನಿಮ್ಮ ಒಡವೆ ಮಾರಬಾರದು, ಜಂಟಿ ಖಾತೆಯ ದುಡ್ಡು ತೆಗೆಯಬಾರದು ಅಂತಲೂ ಕೇಳಬಹುದು. ಆದರೆ ಕೇಳಬೇಕು. ಬಿಡಿಸಿ ಕೇಳಬೇಕು.

ಕೆಲವು ವರ್ಷದ ಹಿಂದೆ ನಾನೇ ಒಂದು ಅರ್ಜಿಯಲ್ಲಿ "ಅರ್ಜಿದಾರಳು ವಾಸವಿರುವ ಮನೆ" ಅಂತಷ್ಟೇ ಬರೆದಿದ್ದೆ. ಆದೇಶವೂ ಹಾಗೇ ಬಂತು. ಅವಳ ಗಂಡ ಮನೆ ಹತ್ತಿರ ಸುಳಿಯಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಬಸ್ ಸ್ಟಾಂಡಿನಲ್ಲಿ ಬಂದು ಕೂರುತ್ತಿದ್ದ. ಕೇಳಿದರೆ, "ನಾನು ಮನೆಗೆ ಹೋಗಿಲ್ವಲ್ಲ" ಅನ್ನುತ್ತಿದ್ದ. ಬದಲಾದ ಪರಿಸ್ಥಿತಿ ತೋರಿಸಿ ಆದೇಶ ತಿದ್ದಿಸಲು ಮತ್ತೆ ಅರ್ಜಿ ಹಾಕಿದೆವು. ಬಸ್ ಸ್ಟಾಂಡ್ ಸೇರಿಸುವ ಹೊತ್ತಿಗೆ ಏಳು ವಾರ ಹೋಯಿತು. ಆ ಏಳು ವಾರವೂ ಅವಳು ಬಸ್ಸಿಗೆ ಹೋಗಲು ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು. ಅದು ನನ್ನ ತಪ್ಪು. ಅವತ್ತಿನಿಂದ ಯಾರೇ ಬಂದರೂ ಮೊದಲು ಒಂದು ಬಿಳಿ ಹಾಳೆ ಕೊಟ್ಟು, ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಎಲ್ಲೆಲ್ಲಿ ಹೋಗುತ್ತೀರಿ ಬರೆಯಿರಿ ಅನ್ನುತ್ತೇನೆ. ನೀವೂ ಬರೆಯಿರಿ. ಫ್ಯಾಕ್ಟರಿ ಗೇಟು, ನೀವು ಹತ್ತುವ ಸ್ಟಾಪು, ಮಗಳ ಶಾಲೆ, ಹಾಲಿನ ಡೇರಿ, ಸೋಮವಾರ ಹೋಗುವ ದೇವಸ್ಥಾನ, ಎಲ್ಲ.

ಗಂಡನಿಗೆ ನೋಟಿಸ್ ಹೋಗಿ ಅವನು ಬರುವ ತನಕ ಕಾಯಲು ಆಗದಿದ್ದರೆ 23ನೇ ಕಲಂ ಇದೆ. ನಿಮ್ಮ ಪ್ರಮಾಣಪತ್ರ ನೋಡಿಯೇ ಮ್ಯಾಜಿಸ್ಟ್ರೇಟರು ಮಧ್ಯಂತರ ಆದೇಶ ಕೊಡಬಹುದು. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ಅರ್ಜಿ ಮುಗಿಯುವುದು 60 ದಿನದೊಳಗೆ ಅಂತ ಕಾಯ್ದೆ ಹೇಳುತ್ತದೆ. ನಿಜ ಹೇಳಬೇಕೆಂದರೆ 60 ದಿನದಲ್ಲಿ ಮುಗಿಯುವುದು ಕಡಿಮೆ. ಅದಕ್ಕೇ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಿ. ಫೋನಿನಲ್ಲಿರುವ ಕಾಲ್ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಗೇಟಿನ ಸೆಕ್ಯುರಿಟಿಯವರು ನೋಡಿದ್ದರೆ ಅವರ ಹೆಸರು ಬರೆದಿಡಿ. ಹೊಡೆದಾಗ ಆಸ್ಪತ್ರೆಗೆ ಹೋಗಿದ್ದ ಚೀಟಿ ಇದ್ದರೆ ಹುಡುಕಿ.

ಆದೇಶ ಕೈಗೆ ಬಂದ ದಿನ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಅದರ ಪ್ರತಿ ನಿಮಗೂ ನಿಮ್ಮ ಸರಹದ್ದಿನ ಪೊಲೀಸ್ ಠಾಣೆಗೂ ಉಚಿತವಾಗಿ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಠಾಣೆಗೆ ಮುಟ್ಟಿತೋ ಇಲ್ಲವೋ ನೀವೇ ಹೋಗಿ ನೋಡಿ, ಇನ್ನೊಂದು ಪ್ರತಿ ಕೊಟ್ಟು ಸೀಲು ಹಾಕಿಸಿಕೊಂಡು ಬನ್ನಿ. ಒಂದನ್ನು ಫ್ಯಾಕ್ಟರಿಯ ಎಚ್.ಆರ್. ಹತ್ತಿರ ಕೊಡಿ, ಒಂದನ್ನು ಶಾಲೆಯ ಹೆಡ್‌ಮಿಸ್ಟ್ರೆಸ್ ಹತ್ತಿರ. ಗೇಟಿನವರಿಗೆ ಕಾಗದ ತೋರಿಸಿದರೆ ಅವರಿಗೂ ಧೈರ್ಯ ಬರುತ್ತದೆ. ನನ್ನ ಕಕ್ಷಿದಾರಳೊಬ್ಬಳು ಆದೇಶದ ಜೆರಾಕ್ಸ್ ಮಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಊಟದ ಬ್ಯಾಗಿನ ಜಿಪ್ಪಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳು. ಮಡಿಕೆ ಸವೆದು ನಾಲ್ಕು ತುಂಡಾಗಿತ್ತು. ಹೊಸದು ಮಾಡಿಸಿಕೊಟ್ಟೆ.

ಮುರಿದರೆ? ಆ ಕ್ಷಣ 112ಕ್ಕೆ ಫೋನ್ ಮಾಡಿ, ಆಮೇಲೆ ಬರೆದು ದೂರು ಕೊಡಿ. ರಕ್ಷಣಾ ಆದೇಶ ಮುರಿದವನಿಗೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ, ಸುಲಭಕ್ಕೆ ಜಾಮೀನು ಸಿಗದ ಅಪರಾಧ ಅದು. ಬೇರೆ ಸಾಕ್ಷಿ ಇಲ್ಲದಿದ್ದರೂ ಕೋರ್ಟು ನಿಮ್ಮೊಬ್ಬರ ಮಾತಿನ ಮೇಲೆಯೇ ತೀರ್ಮಾನಿಸಬಹುದು, 32ನೇ ಕಲಂ ಅದಕ್ಕೆಂದೇ ಇದೆ. ಒಂದು ಠಾಣೆಯಲ್ಲಿ ನನ್ನ ಕಕ್ಷಿದಾರಳನ್ನು "ಗಂಡ ಹೆಂಡ್ತಿ ಜಗಳ, ಹೊಂದ್ಕೊಂಡು ಹೋಗಮ್ಮ" ಅಂತ ಮೂರು ಸಲ ವಾಪಸ್ ಕಳಿಸಿದರು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಹಾಗೆ ಕಳಿಸಿದರೆ ಅದೇ ದೂರನ್ನು ಜಿಲ್ಲಾ ಎಸ್‌ಪಿಗೆ ಸ್ಪೀಡ್ ಪೋಸ್ಟಿನಲ್ಲಿ ಹಾಕಿ. ಆದೇಶ ಕೊಟ್ಟ ಮ್ಯಾಜಿಸ್ಟ್ರೇಟರ ಮುಂದೆಯೂ ಹೇಳಬಹುದು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಆದೇಶ ಇರುವಾಗ ಗೌರಿ ಹಬ್ಬಕ್ಕೆ ಬಾ ಅಂತ ನೀವೇ ಕರೆದು, ಜಗಳ ಆದ ಮೇಲೆ ಠಾಣೆಗೆ ಹೋದರೆ ಕೇಸು ಸಡಿಲವಾಗುತ್ತದೆ. ಮಗಳನ್ನು ಅಪ್ಪ ನೋಡಬೇಕು ಅನಿಸಿದರೆ ಯಾವ ದಿನ, ಎಲ್ಲಿ, ಎಷ್ಟು ಹೊತ್ತು ಅಂತ ಕೋರ್ಟಿನಿಂದಲೇ ಗೊತ್ತು ಮಾಡಿಸಿ. ಅವನು ಸರಿಹೋದ, ಇನ್ನು ಆದೇಶ ಬೇಡ ಅನಿಸಿದ ದಿನ ನೀವೇ ಅರ್ಜಿ ಕೊಟ್ಟು ತೆಗೆಸಬಹುದು. ಅಲ್ಲಿಯವರೆಗೆ ಅಂತಿಮ ರಕ್ಷಣಾ ಆದೇಶ ಜಾರಿಯಲ್ಲೇ ಇರುತ್ತದೆ.

ಪ್ರಶ್ನೆ: ನಮ್ಮ ಸೈಟಿನಲ್ಲಿ ಮನೆ ಕಟ್ಟುತ್ತಿದ್ದೇವೆ. ಸಜ್ಜಾ ಮಟ್ಟಕ್ಕೆ ಬಂದಿದೆ. ಪಕ್ಕದವರು ಮೂರು ಅಡಿ ಒತ್ತುವರಿ ಅಂತ ಹೇಳಿ ಸ್ಟೇ ತಂದಿದ್ದಾರೆ. ಕೋರ್ಟಿನ ಕಾಗದ ಕೊಡಲು ಅಮೀನರು ಬಂದಾಗ ನಾನು ಸಹಿ ಹಾಕಲಿಲ್ಲ. ಬಾಗಿಲಿಗೆ ಅಂಟಿಸಿ ಹೋದರು. ಸಹಿ ಹಾಕಿಲ್ಲದ ಮೇಲೆ ನನಗೆ ಅನ್ವಯಿಸಲ್ಲ, ಕೆಲಸ ಮುಂದುವರಿಸು ಅಂತ ಮೇಸ್ತ್ರಿ ಹೇಳ್ತಾರೆ. ಮುಂದುವರಿಸಬಹುದಾ?

ಉತ್ತರ: ಬೇಡ ಅಣ್ಣ. ಇವತ್ತೇ ನಿಲ್ಲಿಸಿ. ಮೇಸ್ತ್ರಿಗೆ ಗಾರೆ ಕೆಲಸ ಗೊತ್ತು, ಇದು ಗೊತ್ತಿಲ್ಲ. ನೀವು ತೆಗೆದುಕೊಳ್ಳದಿದ್ದರೆ ಹೊರಬಾಗಿಲಿಗೆ ಅಂಟಿಸಿ, ಯಾರ ಎದುರಿಗೆ ಅಂಟಿಸಿದೆ ಅಂತ ಬರೆದು, ಅಮೀನರು ಕೋರ್ಟಿಗೆ ವರದಿ ಕೊಡುತ್ತಾರೆ. ಕಾನೂನಿನ ಪ್ರಕಾರವೇ ಅದು ಜಾರಿ ಆದ ಹಾಗೆ. ಆದೇಶ ಇದೆ ಅಂತ ನಿಮಗೆ ಗೊತ್ತಾಗಿದೆ, ನನಗೆ ಬರೆದ ಪತ್ರದಲ್ಲೇ ಇದೆ.

ಇದು ನಿಜವಾಗಿ ಸ್ಟೇ ಅಲ್ಲ. ಸ್ಟೇ ಅಂದರೆ ಒಂದು ಕೋರ್ಟಿನ ತೀರ್ಪನ್ನೋ ನಡೆಯುತ್ತಿರುವ ಕೇಸನ್ನೋ ತಡೆದು ನಿಲ್ಲಿಸುವುದು. ನಿಮ್ಮನ್ನು ತಡೆದಿರುವುದು ತಾತ್ಕಾಲಿಕ ನಿರ್ಬಂಧಕಾಜ್ಞೆ, ವಕೀಲರ ಬಾಯಲ್ಲಿ ಇಂಜಂಕ್ಷನ್. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ ಕೆಳಗೆ ಕೊಡುತ್ತಾರೆ. ಅದನ್ನು ಮುರಿದರೆ 2ಎ ನಿಯಮದ ಪ್ರಕಾರ ಆಸ್ತಿ ಜಪ್ತಿ ಮಾಡಬಹುದು, 3 ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು. ನಾಳೆ ಕೇಸಿನಲ್ಲಿ ನೀವೇ ಗೆದ್ದರೂ, ಆದೇಶ ಇದ್ದಾಗ ಮುರಿದದ್ದು ತಪ್ಪು ತಪ್ಪೇ. ರಾತ್ರೋರಾತ್ರಿ ಮೋಲ್ಡ್ ಹಾಕಿಸಿದರೆ ಆಮೇಲೆ ಒಡೆಯಿರಿ ಅಂತಲೂ ಕೋರ್ಟು ಹೇಳಬಹುದು.

ಹಾಗಂತ ಕೈ ಕಟ್ಟಿ ಕೂರುವುದೂ ಬೇಡ. ನಿಮ್ಮ ಮಾತು ಕೇಳದೆ ಕೊಟ್ಟ ಆದೇಶ ಅದು. ಹಾಗೆ ಕೊಟ್ಟಾಗ ಕಾರಣ ಬರೆಯಬೇಕು. ಪಕ್ಕದವರು ದಾವೆ, ಅರ್ಜಿ, ದಾಖಲೆಗಳ ಪ್ರತಿ ನಿಮಗೆ ಕೂಡಲೇ ಕಳಿಸಿ, ಕಳಿಸಿದ್ದೇನೆ ಅಂತ ಅವತ್ತೋ ಮಾರನೇ ದಿನವೋ ಕೋರ್ಟಿಗೆ ಪ್ರಮಾಣಪತ್ರ ಕೊಡಬೇಕು. ಅರ್ಜಿಯನ್ನು 30 ದಿನದೊಳಗೆ ತೀರ್ಮಾನಿಸಲು ಕೋರ್ಟು ಪ್ರಯತ್ನಿಸಬೇಕು. ತೀರ್ಮಾನ ಆಗದಿದ್ದರೆ ಮೇಲಿನ ಕೋರ್ಟಿಗೆ ಹೋಗಬಹುದು ಅಂತ ಸುಪ್ರೀಂ ಕೋರ್ಟು 2000ರಲ್ಲೇ ಹೇಳಿದೆ. ನೀವು ಈ ವಾರವೇ ವಕೀಲರನ್ನು ಇಟ್ಟು ತಕರಾರು ಸಲ್ಲಿಸಿ, ಆದೇಶ ತೆರವು ಮಾಡಿ ಅಂತ ಅರ್ಜಿ ಹಾಕಿ. ಕ್ರಯಪತ್ರ, ಖಾತೆ, ಕಟ್ಟಡದ ಪರವಾನಗಿ, ಚಕ್ಕುಬಂದಿ, ಹಳೇ ಬೇಲಿಯ ಫೋಟೋ ಇದ್ದರೆ ಅದು, ಎಲ್ಲ ತೆಗೆದುಕೊಂಡು ಹೋಗಿ. ಮೂರು ಅಡಿಯ ಜಗಳಕ್ಕೆ ಬಾಯಿ ಮಾತಿಗಿಂತ ಅಳತೆ ಕೆಲಸಕ್ಕೆ ಬರುತ್ತದೆ. ಅಳೆದು ಕೋರ್ಟಿಗೆ ವರದಿ ಕೊಡಲು ಸರ್ವೆಯರನ್ನು ಕೋರ್ಟ್ ಕಮಿಷನರ್ ಆಗಿ ನೇಮಿಸಿ ಅಂತ ಕೇಳಿ.

ಅವರು ಬೇಕೆಂದೇ ಸುಳ್ಳು ಹೇಳಿ ಆದೇಶ ತಂದದ್ದು ಗೊತ್ತಾದರೆ ಕೋರ್ಟು ತೆರವು ಮಾಡುತ್ತದೆ. ಸಾಕಷ್ಟು ಆಧಾರ ಇಲ್ಲದೆ ತಂದಿದ್ದರೆ 95ನೇ ಕಲಂ ಪ್ರಕಾರ 50,000 ರೂಪಾಯಿವರೆಗೆ ಪರಿಹಾರ ಕೊಡಿಸಬಹುದು. ಸಿಮೆಂಟು ಗಟ್ಟಿಯಾಗಿ ಹಾಳಾದ ಲೆಕ್ಕ, ಕೂಲಿಯ ಲೆಕ್ಕ ಬರೆದಿಡಿ.

ಇನ್ನೊಬ್ಬ ಓದುಗರು ಕೇಳಿದ್ದಾರೆ, ಆರು ತಿಂಗಳಾದರೆ ಸ್ಟೇ ತಾನಾಗೇ ಬಿದ್ದು ಹೋಗುತ್ತಂತೆ, ಹೌದಾ ಅಂತ. ಇಲ್ಲ. ಸಿವಿಲ್, ಕ್ರಿಮಿನಲ್ ಕೇಸುಗಳ ವಿಚಾರಣೆಗೆ ಕೊಟ್ಟ ತಡೆಯ ಬಗ್ಗೆ 2018ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಹಾಗೆ ಹೇಳಿತ್ತು. 2024ರ ಫೆಬ್ರವರಿ 29ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು. ಕ್ಯಾಲೆಂಡರ್ ನೋಡಿಕೊಂಡು ಕೆಲಸ ಶುರು ಮಾಡಬೇಡಿ.

ಪ್ರಶ್ನೆ: ಅಪ್ಪ ತೀರಿಕೊಂಡು ನಾಲ್ಕು ವರ್ಷ. ವಿಲ್ ಮಾಡಿಲ್ಲ. ಮೂರು ಎಕರೆ ತೆಂಗಿನ ತೋಟ, ಪಹಣಿ ಅಣ್ಣನ ಹೆಸರಿಗೆ ಆಗಿದೆ. ಈಗ ಯಾರಿಗೋ ಮಾರಲು ಮುಂಗಡ ತಗೊಂಡಿದಾನಂತೆ. ಹೆಣ್ಣುಮಕ್ಕಳು ನಾವಿಬ್ಬರು. ಮಾರದ ಹಾಗೆ ತಡೆಯಬಹುದಾ? ಮದುವೆಯಲ್ಲಿ ಒಡವೆ ಕೊಟ್ಟಿದ್ದಾರೆ ಅಂತ ಅಣ್ಣ ಹೇಳ್ತಾನೆ.

ಉತ್ತರ: ತಡೆಯಬಹುದಮ್ಮ. ಒಡವೆ ಕೊಟ್ಟರು ಅಂತ ಮಗಳ ಪಾಲು ಹೋಗುವುದಿಲ್ಲ. ಹಿಂದೂ ಕುಟುಂಬದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರ ತಿದ್ದುಪಡಿ ಹೇಳಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಅದನ್ನು ಇನ್ನೂ ಸ್ಪಷ್ಟ ಮಾಡಿತು. ಅಪ್ಪನ ಸ್ವಂತ ಸಂಪಾದನೆ ಆಗಿದ್ದರೂ, ವಿಲ್ ಇಲ್ಲದ ಮೇಲೆ ಅಮ್ಮ ಇದ್ದರೆ ಅವರಿಗೂ ಮಕ್ಕಳಿಗೂ ಸಮಪಾಲು. ಪಹಣಿಯಲ್ಲಿ ಹೆಸರು ಕೂತ ಮಾತ್ರಕ್ಕೆ ತೋಟ ಪೂರ್ತಿ ಅಣ್ಣನದಾಗುವುದಿಲ್ಲ.

ಬರೀ 'ಮಾರಬಾರದು' ಅಂತ ಒಂದು ಕೇಸು ಹಾಕುವುದಕ್ಕಿಂತ ಪಾಲು ಕೊಡಿಸಿ ಅಂತ ದಾವೆ ಹಾಕಿ, ಅದರ ಜೊತೆಗೆ ಐ.ಎ., ಅಂದರೆ ಮಧ್ಯಂತರ ಅರ್ಜಿ ಹಾಕಿ ಇಂಜಂಕ್ಷನ್ ಕೇಳಿ. ಜಡ್ಜ್ ಮೂರು ವಿಷಯ ನೋಡುತ್ತಾರೆ. ಮೇಲ್ನೋಟಕ್ಕೆ ನಿಮ್ಮ ಹಕ್ಕು ಇದೆ ಅಂತ ಕಾಣುತ್ತದಾ? ಆದೇಶ ಕೊಡದಿದ್ದರೆ ನಿಮಗೆ ಆಗುವ ತೊಂದರೆ ಜಾಸ್ತಿಯಾ, ಕೊಟ್ಟರೆ ಅಣ್ಣನಿಗೆ ಆಗುವ ತೊಂದರೆ ಜಾಸ್ತಿಯಾ? ಆಗುವ ನಷ್ಟವನ್ನು ಆಮೇಲೆ ದುಡ್ಡಿನಲ್ಲಿ ತುಂಬಿಕೊಡಲು ಆಗುತ್ತದಾ? ಅಪ್ಪ ನೆಟ್ಟ ತೋಟ ಮೂರನೆಯವರ ಕೈಗೆ ಹೋದರೆ ಅದನ್ನು ದುಡ್ಡಿನಲ್ಲಿ ತುಂಬುವುದು ಕಷ್ಟ, ಅಲ್ವಾ? ವಂಶವೃಕ್ಷ, ಅಪ್ಪನ ಮರಣ ಪತ್ರ, ಹಳೇ ಪಹಣಿ, ಮ್ಯುಟೇಶನ್ ಪ್ರತಿ, ಸಾಧ್ಯವಾದರೆ ಆ ಮುಂಗಡದ ಅಗ್ರಿಮೆಂಟಿನ ಜೆರಾಕ್ಸ್ ತನ್ನಿ.

ಇಲ್ಲಿ ಒಂದು ವಿಷಯ ಬಿಚ್ಚಿ ಹೇಳಿ. ಹಿಂದೆ ಯಾವತ್ತಾದರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದೀರಾ? ಹಾಕಿದ್ದರೆ ಮೊದಲು ವಕೀಲರಿಗೆ ಹೇಳಿ. ಮುಚ್ಚಿಟ್ಟು ಆದೇಶ ತಂದರೆ ಅಣ್ಣ ಅದನ್ನು ತಂದು ಮುಂದಿಟ್ಟ ದಿನ ಆದೇಶವೂ ಹೋಗುತ್ತದೆ, ಜಡ್ಜ್ ಮುಂದೆ ನಿಮ್ಮ ಮಾತಿನ ಬೆಲೆಯೂ ಹೋಗುತ್ತದೆ. ತಡ ಮಾಡಬೇಡಿ ಕೂಡ. ಮುಂಗಡದ ಸುದ್ದಿ ಗೊತ್ತಾಗಿ ಆರು ತಿಂಗಳು ಬಿಟ್ಟು ಬಂದು 'ತುಂಬಾ ಅರ್ಜೆಂಟ್' ಅಂದರೆ ಯಾವ ಜಡ್ಜೂ ನಂಬುವುದಿಲ್ಲ.

'ಯಥಾಸ್ಥಿತಿ ಕಾಪಾಡಿ' ಅಂತಷ್ಟೇ ಆದೇಶ ಬಂದರೆ ಸಮಾಧಾನ ಪಡಬೇಡಿ. ನನಗೆ ಆ ಪದ ಕಂಡರೆ ಆಗುವುದಿಲ್ಲ. ಯಾವ ಸ್ಥಿತಿ? ಕಾಯಿ ಕೀಳಬಹುದಾ, ಸಾಲ ತೆಗೆಯಬಹುದಾ? ಅಣ್ಣ ತನಗೆ ಬೇಕಾದ ಹಾಗೆ ಓದುತ್ತಾನೆ, ನೀವು ನಿಮಗೆ ಬೇಕಾದ ಹಾಗೆ. ಕೊನೆಗೆ ತೋಟದಲ್ಲಿ ಜಗಳ. ಸರ್ವೆ ನಂಬರ್ ಹಾಕಿ, ಮಾರಬಾರದು, ಅಡ ಇಡಬಾರದು, ದಾನಪತ್ರ ಮಾಡಬಾರದು ಅಂತ ಬಿಡಿಸಿ ಬರೆಸಿ. ಅದನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಪಹಣಿಯ 11ನೇ ಕಾಲಂನಲ್ಲಿ ನಮೂದಿಸಲು ಕೇಳಿ. ತೋಟ ಕೊಳ್ಳಲು ಬಂದವನು ಮೊದಲು ನೋಡುವುದೇ ಪಹಣಿ. ಇಷ್ಟೆಲ್ಲ ಆದ ಮೇಲೂ ಮಾರಿದರೆ, ಕೊಂಡವನು ಕೇಸಿನ ತೀರ್ಪಿಗೆ ಬದ್ಧ. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಹಾಗೆ ಹೇಳುತ್ತದೆ.

ಅಣ್ಣ ನಿಮಗಿಂತ ಮೊದಲೇ ಕೇವಿಯಟ್, ಅಂದರೆ ನನ್ನನ್ನು ಕೇಳದೆ ಆದೇಶ ಕೊಡಬೇಡಿ ಅನ್ನುವ ಅರ್ಜಿ ಹಾಕಿರಬಹುದು. ಹಾಕಿದ್ದರೆ ಅದರ ನೋಟಿಸು ನಿಮಗೆ ಅಂಚೆಯಲ್ಲಿ ಬಂದಿರುತ್ತದೆ, ಕೇವಿಯಟ್ 90 ದಿನ ಇರುತ್ತದೆ. ಆ ಅವಧಿಯಲ್ಲಿ ಅವನಿಗೆ ತಿಳಿಸದೆ ಆದೇಶ ಸಿಗುವುದಿಲ್ಲ. ಅಂಚೆಯಣ್ಣ ತಂದ ಲಕೋಟೆಯನ್ನು ಟಿವಿ ಮೇಲೆ ಇಟ್ಟು ಮರೆತಿದ್ದೀರಾ ಅಂತ ಒಮ್ಮೆ ನೋಡಿ.

ಪ್ರಶ್ನೆ: ಮೇಡಂ, ನಾನು ಡಿಗ್ರಿ ಕೊನೆ ವರ್ಷ. ಒಬ್ಬ ಹುಡುಗ ಒಂದು ವರ್ಷದಿಂದ ಹಿಂದೆ ಬೀಳ್ತಿದಾನೆ. ಬೇಡ ಅಂತ ಎಷ್ಟೋ ಸಲ ಹೇಳಿದೀನಿ. ಬೇರೆ ಬೇರೆ ಹೆಸರಿಂದ ಮೆಸೇಜ್ ಹಾಕ್ತಾನೆ. ಮನೇಲಿ ಹೇಳಿದ್ರೆ ಕಾಲೇಜು ಬಿಡಿಸ್ತಾರೆ ಅಂತ ಭಯ. ಅವನ ಮೇಲೂ ಇಂಥ ಆದೇಶ ತರಬಹುದಾ?

ಉತ್ತರ: ಮೊದಲ ಪತ್ರಕ್ಕೆ ಹೇಳಿದ ಕಾಯ್ದೆ ನಿಮಗೆ ಬರುವುದಿಲ್ಲ ಪುಟ್ಟಿ. ಅದಕ್ಕೆ ಒಂದೇ ಮನೆಯಲ್ಲಿ ಬಾಳಿದ ಸಂಬಂಧ ಇರಬೇಕು. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ನೆರೆಯವನ ಮೇಲೂ, ಹಿಂದೆ ಬೀಳುವವನ ಮೇಲೂ ನೇರವಾಗಿ ಕೋರ್ಟಿಗೆ ಹೋಗಿ 'ಹತ್ತಿರ ಬರಬೇಡ' ಅಂತ ಆದೇಶ ತರಬಹುದು. ನಮ್ಮಲ್ಲಿ ಅದಕ್ಕೆಂದೇ ಒಂದು ಸರಳ ಕಾನೂನು ಇಲ್ಲ. ಇರಬೇಕು. ನಿಮ್ಮಂಥ ಹುಡುಗಿಯರು ಆಫೀಸಿಗೆ ಬಂದು ಕೂತಾಗಲೆಲ್ಲ ನನಗೆ ಹಾಗೆ ಅನಿಸುತ್ತದೆ.

ಆದರೂ ದಾರಿ ಇದೆ. ಬೇಡ ಅಂದ ಮೇಲೂ ಹಿಂಬಾಲಿಸುವುದು, ಮೆಸೇಜ್ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಶಿಕ್ಷೆ. ಕೇಸು ನಡೆಯುವುದು ನಿಧಾನ. ಅಷ್ಟರಲ್ಲಿ ಅವನನ್ನು ಹದ್ದುಬಸ್ತಿನಲ್ಲಿಡಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ ಇದೆ. ನಮ್ಮ ಹಳೇ ಸಿ.ಆರ್.ಪಿ.ಸಿ.ಯ 107ನೇ ಕಲಂ. ಶಾಂತಿಗೆ ಭಂಗ ಬರುವ ಹಾಗೆ ನಡೆದುಕೊಳ್ಳುತ್ತಿದ್ದಾನೆ ಅಂತ ಪೊಲೀಸರು ವರದಿ ಕೊಟ್ಟರೆ, ತಹಶೀಲ್ದಾರರು ಅವನನ್ನು ಕರೆಸಿ ವಿಚಾರಿಸಿ ಒಂದು ವರ್ಷದವರೆಗೆ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಮುರಿದರೆ ಬಾಂಡಿನ ಹಣ ಹೋಗುತ್ತದೆ. ಎಷ್ಟೋ ಹುಡುಗರು ತಾಲ್ಲೂಕು ಕಚೇರಿಯಲ್ಲಿ ಅಪ್ಪನ ಜೊತೆ ನಿಂತು ಬಾಂಡಿಗೆ ಸಹಿ ಹಾಕಿದ ಮೇಲೆ ನಿಲ್ಲಿಸಿದ್ದನ್ನು ನೋಡಿದ್ದೇನೆ.

ಒಂದೂ ಮೆಸೇಜ್ ಅಳಿಸಬೇಡಿ. ನಂಬರು, ದಿನ, ಹೊತ್ತು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ನಂಬುವ ಗೆಳತಿಯೊಬ್ಬಳಿಗೂ ಕಳಿಸಿಡಿ. ಒಂದು ನೋಟ್‌ಬುಕ್ಕಿನಲ್ಲಿ ಅವನು ಎಲ್ಲಿ, ಯಾವಾಗ ಎದುರಾದ ಅಂತ ಬರೆಯುತ್ತಾ ಹೋಗಿ. ಮನೆಯಲ್ಲಿ ಅಪ್ಪನಿಗೆ ಹೇಳಲು ಆಗದಿದ್ದರೆ ಚಿಕ್ಕಮ್ಮನಿಗೋ ಕಾಲೇಜಿನ ಮೇಡಂಗೋ ಹೇಳಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಠಾಣೆಗೆ ಒಬ್ಬಳೇ ಹೋಗಲು ಭಯವಾದರೆ ಕಾನೂನು ಸೇವೆಗಳ ಸಮಿತಿಯ ಸ್ವಯಂಸೇವಕರು ಜೊತೆಗೆ ಬರುತ್ತಾರೆ. ನಿಮ್ಮ ತಂದೆಯವರ ಹತ್ತಿರ ನಾನೇ ಮಾತಾಡಬೇಕು ಅನಿಸಿದರೆ ಇನ್ನೊಂದು ಪತ್ರ ಹಾಕಿ, ಯಾವ ಹೊತ್ತಿಗೆ ಫೋನ್ ಮಾಡಲಿ ಅಂತ ಅದರಲ್ಲಿ ಬರೆಯಿರಿ.